ದೀಪ ಹಚ್ಚುವ ಮೊದಲಿನ ಊಟ

ಹೋದ ತಿಂಗಳು ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಊರಿಗೆ ಹೋಗುವ ಬಸ್ಸು ಹತ್ತಿ ಕೂತಿದ್ದೆ. ಹೊರಗೆ ಜಡಿಮಳೆ. ಬಸ್ಸು ಇನ್ನೇನು ಹೊರಡಬೇಕು ಅನ್ನುವಾಗ ಮುದುಕನೊಬ್ಬ ತೊಯ್ದ ಕಂಬಳಿ ಹೊದ್ದುಕೊಂಡೇ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತ. ಕುರಿಯ ಉಣ್ಣೆ ತೊಯ್ದರೆ ಅದಕ್ಕೊಂದು ವಾಸನೆ ಬರುತ್ತದೆ. ಹಿಕ್ಕೆ, ಹೊಗೆ, ಹಸಿ ಹಾಲು ಎಲ್ಲ ಕೂಡಿದ ವಾಸನೆ. ನನ್ನ ಪಕ್ಕದ ಹುಡುಗಿ ಮೂಗಿಗೆ ಓಢಣಿ ಒತ್ತಿಕೊಂಡಳು. ಕಂಡಕ್ಟರು ಕಂಬಳಿ ತೆಗೆದು ಕೆಳಗಿಡು ಅಂತ ಗದರಿದ. ನಾನು ಮಾತ್ರ ಮುಂದಕ್ಕೆ ಬಾಗಿ ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ಎಪ್ಪತ್ತು ದಾಟಿದ ಹೆಂಗಸು ಹೀಗೆ ಮಾಡಿದರೆ ನೋಡಿದವರು ಏನಂದುಕೊಳ್ಳಬೇಕು... ಏನಾದರೂ ಅಂದುಕೊಳ್ಳಲಿ. ನನಗೆ ಆ ಹೊತ್ತಿನಲ್ಲಿ ನಮ್ಮ ಪಕ್ಕದ ಮನೆಯ ಆಯಿ ಬಂದು ಹತ್ತಿರ ಕೂತಂತಾಗಿತ್ತು.

ಆಕೆಯನ್ನು ಇಡೀ ಓಣಿ ಕುರಿ ಆಯಿ ಅನ್ನುತ್ತಿತ್ತು. ಕುರಿ ಸಾಕುವ ಮನೆಯ ವಿಧವೆ. ಮಕ್ಕಳಿಬ್ಬರು ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಈದ ಕುರಿ, ಸಣ್ಣ ಮರಿ, ಕುಂಟು ಮರಿ ಇವನ್ನೆಲ್ಲ ಮನೆಯ ಹಿಂದಿನ ದೊಡ್ಡಿಯಲ್ಲಿಟ್ಟುಕೊಂಡು ಆಕೆ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ನಮ್ಮ ಅಂಗಳಕ್ಕೂ ಆಕೆಯ ದೊಡ್ಡಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆಕೆಯ ತಲೆ ಆ ಗೋಡೆಯ ಮೇಲೆ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಮನೆಯ ಒಲೆಯ ಮೇಲೆ ಏನು ಕುದಿಯುತ್ತಿದೆ ಅನ್ನುವುದು ನಮಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಸೊಸೆಯ ಮೇಲೆ ಕಣ್ಣಿಡಲು ಒಬ್ಬ ಅತ್ತೆ ಸಾಲದೆ ಇನ್ನೊಬ್ಬಳನ್ನು ಬೇರೆ ಇಟ್ಟಿದ್ದಾರೆ ಅಂತ ತವರಿಗೆ ಹೋದಾಗ ದೂರು ಹೇಳುತ್ತಿದ್ದೆ.

ತವರೆಂದರೆ ಬೀದರ ಕಡೆ. ರಾಜ್ಯಗಳನ್ನು ಹಂಚುವಾಗ ನನ್ನ ತವರು ಕನ್ನಡದ ಕಡೆ ಹೋಯಿತು, ನನ್ನನ್ನು ಕೊಟ್ಟ ಮನೆ ತೆಲುಗಿನ ಕಡೆ ಉಳಿಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ನನ್ನ ಗಂಡ ಮೂರರಲ್ಲೂ ಚೆನ್ನಾಗಿ ಮಾತಾಡುತ್ತಿದ್ದರು. ಸಿಂದಿ ಕುಡಿದ ಮೇಲೆ ಮೂರನ್ನೂ ಕೂಡಿಸಿ ಮಾತಾಡುತ್ತಿದ್ದರು.

ಈಚಲ ಮರದ ಸಿಂದಿ ನಮ್ಮ ಕಡೆಯ ಗಂಡಸರಿಗೆ ಆಗ ಕುಡಿತದ ಲೆಕ್ಕದಲ್ಲೇ ಇರಲಿಲ್ಲ. ಹೊಲದಿಂದ ಬರುವ ದಾರಿಯಲ್ಲಿ ಸಿಂದಿ ಅಂಗಡಿ, ಅಲ್ಲೊಂದಿಷ್ಟು ಹೊತ್ತು, ಆಮೇಲೆ ಮನೆ. ನನ್ನ ಗಂಡ ಹೊಡೆಯುವವರಲ್ಲ, ಬಯ್ಯುವವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿದು ಬಂದು ಎತ್ತುಗಳ ಕೊರಳು ತಬ್ಬಿಕೊಂಡು ಅಳುತ್ತಿದ್ದರು, ಅಷ್ಟೇ. ಆದರೆ ಒಂದು ಶ್ರಾವಣದಲ್ಲಿ ಅವರ ಕಣ್ಣು ಹಳದಿಯಾದವು. ಮೈಯೆಲ್ಲ ಹಳದಿಯಾಯಿತು. ಜಹೀರಾಬಾದಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇನ್ನು ಕುಡಿದರೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿರಿ ಅಂದರು. ಅತ್ತೆ ಅಲ್ಲೇ ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟರು. ಗಂಡನಿಲ್ಲದೆ ಬೆಳೆಸಿದ ಒಬ್ಬನೇ ಮಗ ಅವರಿಗೆ.

ಎದ್ದು ಓಡಾಡುವಷ್ಟಾದ ಮೇಲೆ ಇವರು ತಾವಾಗಿಯೇ ಮೈಲಾರಲಿಂಗನ ಗುಡಿಗೆ ಹೋಗಿ ಭಂಡಾರ ಮುಟ್ಟಿ ಆಣೆ ಮಾಡಿದರು. ಭಂಡಾರವೆಂದರೆ ದೇವರ ಅರಿಸಿನ. ನಮ್ಮ ಕಡೆ ಅದನ್ನು ಹಣೆಗೆ ಹಚ್ಚಿಕೊಂಡು ಬಿಟ್ಟೆ ಅಂದರೆ ಬಿಟ್ಟಂತೆಯೇ. ಕೋರ್ಟಿನಲ್ಲಿ ಸುಳ್ಳು ಹೇಳುವವರೂ ಭಂಡಾರದ ಮುಂದೆ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅವತ್ತು ಹಬ್ಬ. ಅತ್ತೆ ಹೋಳಿಗೆ ಮಾಡಿದರು, ನಾನು ಚಪಾತಿ ಪುಡಿ ಮಾಡಿ ಬೆಲ್ಲದ ಮಾಲದಿ ಕಲಸಿದೆ. ಇವರು ಎರಡನ್ನೂ ಉಂಡು ಮತ್ತೆ ಬೇಕೆಂದರು.

ಅಲ್ಲಿಂದ ಶುರುವಾಯಿತು ನೋಡಿ. ಹಳದಿ ಕಾಮಾಲೆಯೆಂದು ಮೊದಲೇ ಕಲ್ಲುಸಕ್ಕರೆ ನೀರು ಕುಡಿಸಿ ಕುಡಿಸಿ ಅವರ ನಾಲಿಗೆಗೆ ರುಚಿ ಹತ್ತಿಸಿದ್ದೆವು. ಈಗ ಬೆಳಿಗ್ಗೆ ಎದ್ದರೆ ಬೆಲ್ಲದ ಚಹ, ಹೊಲಕ್ಕೆ ಹೊರಟರೆ ಕಿಸೆಯಲ್ಲಿ ಬೆಲ್ಲ, ಬಂದ ಮೇಲೆ ಹೋಳಿಗೆ. ಮೊದಲೆಲ್ಲ ಖಾರದ ಮನುಷ್ಯ. ಮದುವೆಯಲ್ಲಿ ಬಾಯಿಗೆ ಪೇಡೆ ಇಟ್ಟರೆ ಅರ್ಧ ತಿಂದು ನನಗೇ ಕೊಟ್ಟಿದ್ದವರು. ಅದೇ ಮನುಷ್ಯ ಈಗ ಚಹದಂಗಡಿಯಲ್ಲಿ ಸಕ್ಕರೆಯ ಡಬ್ಬಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ ಅಂತ ಅಂಗಡಿಯವನೇ ಬಂದು ಗೋಳು ಹೇಳಿಕೊಂಡ. ನಾವಿಬ್ಬರೂ ಅತ್ತೆ ಸೊಸೆ ಇದನ್ನು ನೋಡಿ ಖುಷಿಪಟ್ಟೆವು. ದೇವರು ಸಿಂದಿಯ ಚಟ ಬಿಡಿಸಿ ಸಿಹಿಯ ಚಟ ಕೊಟ್ಟಿದ್ದಾನೆ, ತಿನ್ನಲಿ ಪಾಪ, ತಿಂದರೆ ಏನು ಹೋಗುತ್ತದೆ ಅಂದುಕೊಂಡೆವು. ಸಾಲದ್ದಕ್ಕೆ ದೀಪಾವಳಿಯ ಮುಂದೆ ಸುತ್ತಲಿನ ಹೊಲಗಳಲ್ಲಿ ಕಬ್ಬಿನ ಗಾಣಗಳು ಶುರುವಾದವು. ಕಡಾಯಿಯ ಅಂಚಿಗೆ ಹತ್ತಿದ ಬಿಸಿ ಬೆಲ್ಲವನ್ನು ಕೆರೆದು ತಿನ್ನಲು ಇವರು ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ.

ಇವರ ಹೊಟ್ಟೆ ಮುಂದೆ ಬಂತು. ಅದನ್ನೂ ಆರೋಗ್ಯವೆಂದೇ ತಿಳಿದೆವು. ಆಮೇಲೆ ನೀರಡಿಕೆ ಶುರುವಾಯಿತು. ಎಷ್ಟು ಕುಡಿದರೂ ಸಾಲದು. ಮಧ್ಯಾಹ್ನ ಹೊಲದ ಬದುವಿನ ಮೇಲೆ ಸುಸ್ತಾಗಿ ಮಲಗುತ್ತಿದ್ದರು. ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಮೂತ್ರವನ್ನು ನೀಲಿ ಔಷಧದ ಜೊತೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು. ಸಕ್ಕರೆ ಬೇನೆ ಬಾಗಿಲಿಗೆ ಬಂದು ನಿಂತಿದೆ, ಇನ್ನೂ ಒಳಗೆ ಬಂದಿಲ್ಲ, ಸಿಹಿ ಬಿಟ್ಟರೆ ಹಾಗೇ ವಾಪಸು ಹೋದೀತು ಅಂತ ಒಳ್ಳೆಯ ಮಾತಿನಲ್ಲೇ ತಿಳಿಸಿ ಹೇಳಿದರು. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬಿಡಿಸುವುದು ಹೇಗೆ ಅನ್ನುವುದು ನಮ್ಮ ಪಾಲಿಗೆ ಉಳಿಯಿತು.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ಮನೆಯ ಬೆಲ್ಲವನ್ನೆಲ್ಲ ಸಂದೂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ. ಇವರು ಮುಖ ಸಣ್ಣದು ಮಾಡಿಕೊಂಡು ಎರಡು ದಿನ ಸುಮ್ಮನಿದ್ದರು. ಆಮೇಲೆ ಕಳ್ಳತನಕ್ಕಿಳಿದರು. ಗಾಣದಿಂದ ತಂದ ಬೆಲ್ಲದ ಹೆಂಟೆ ಒಮ್ಮೆ ಎತ್ತಿನ ಹಿಂಡಿಯ ಗಡಿಗೆಯಲ್ಲಿ ಸಿಕ್ಕಿತು, ಒಮ್ಮೆ ಬೀಜದ ಜೋಳದೊಳಗೆ ಸಿಕ್ಕಿತು. ಇನ್ನೊಮ್ಮೆ ಅವರ ರುಮಾಲಿನೊಳಗೇ ಇತ್ತು. ನಾನು ಹುಡುಕುತ್ತಲೇ ಇರಲಿಲ್ಲ. ಇರುವೆಗಳು ಸಾಲುಗಟ್ಟಿ ಹೋಗಿ ತೋರಿಸಿಕೊಡುತ್ತಿದ್ದವು. ರುಮಾಲಿನೊಳಗೆ ಇರುವೆ ಹೊಕ್ಕ ದಿನ ಅವರು ಕುಣಿದ ಕುಣಿತ ನೆನೆದರೆ ಈಗಲೂ ನಗು ತಡೆಯುವುದಿಲ್ಲ.

ಆಗ ಮಾತ್ರ ನಗು ಬರುವಂತಿರಲಿಲ್ಲ. ಸಿಹಿ ಸಿಗದ ದಿನ ಅವರ ಕೈ ನಡುಗುತ್ತಿತ್ತು. ಸಂಜೆಯಾದರೆ ಒಳಗೂ ಹೊರಗೂ ಅಡ್ಡಾಡುತ್ತಿದ್ದರು. ಕೂಗಿದರೆ ಕೇಳುತ್ತಿರಲಿಲ್ಲ. ಒಂದು ಸಂಜೆ ಬೆಲ್ಲ ಕೊಡು ಅಂತ ಕೇಳಿದರು, ನಾನು ಕೊಡಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಈಚಲ ಬನದ ದಾರಿ ಹಿಡಿದರು. ಅತ್ತೆ ದೀಪ ಹಚ್ಚಲು ಹೋದವರು ಕಡ್ಡಿ ಕೈಯಲ್ಲೇ ಹಿಡಿದು ನಿಂತರು. ನಾನು ಬಾಗಿಲಲ್ಲಿ ನಿಂತೆ. ಹೊತ್ತು ಪೂರ್ತಿ ಮುಳುಗುವ ಮುಂಚೆ ಅವರು ತಿರುಗಿ ಬಂದರು. ಬಾಯಿಂದ ವಾಸನೆ ಬರಲಿಲ್ಲ. ಅಂಗಡಿಯ ತನಕ ಹೋಗಿದ್ದೆ, ಒಳಗೆ ಹೋಗಲಿಲ್ಲ, ಆದರೆ ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ ಅಂದರು. ಅಷ್ಟು ದೊಡ್ಡ ಗಂಡಸು ಮೂಲೆಯಲ್ಲಿ ಕೂತು ಮೊಣಕಾಲೊಳಗೆ ಮುಖ ಇಟ್ಟುಕೊಂಡದ್ದನ್ನು ನಾನು ಮೊದಲ ಸಲ ನೋಡಿದೆ. ಬೆಲ್ಲ ಕೊಟ್ಟರೆ ಒಂದು ರೋಗ, ಕೊಡದಿದ್ದರೆ ಸಿಂದಿ. ಯಾವ ಕಡೆ ಹೋದರೂ ಇವರು ನನ್ನ ಕೈಗೆ ಉಳಿಯುವುದಿಲ್ಲ ಅನ್ನಿಸಿಬಿಟ್ಟಿತು.

ಮರುದಿನ ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತ ಅಳುತ್ತಿದ್ದೆ. ಗೋಡೆಯ ಮೇಲೆ ಆಯಿಯ ತಲೆ ಕಂಡಿತು. ಮಳೆಯಿರಲಿ ಬಿಸಿಲಿರಲಿ ತಲೆಯ ಮೇಲೆ ಅದೇ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು. ಅವತ್ತು ನನಗೆ ಸಿಟ್ಟು ಬರಲಿಲ್ಲ. ಎಲ್ಲ ಹೇಳಿದೆ. ಆಕೆ ಕದಿರು ತಿರುಗಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ, ಆ ತನಕ ಯಾರ ಮುಂದೆಯೂ ಹೇಳಿರದ ಮಾತು ಹೇಳಿದಳು.

"ನನ್ನ ಗಂಡನೂ ಬಿಟ್ಟಿದ್ದ, ಯವ್ವಾ. ಬೀರಪ್ಪ ದೇವರ ಮುಂದ ಭಂಡಾರ ಮುಟ್ಟಿ ಬಿಟ್ಟಿದ್ದ. ಆಮ್ಯಾಲ ಬೆಲ್ಲಾ ಬೆಲ್ಲಾ ಅಂತ ನನ್ನ ಹಿಂದ ತಿರಗತಿದ್ದ. ಸಣ್ಣ ಕೂಸಿನಾಂಗ ಯಾಕ ಮಾಡ್ತಿ ಅಂತ ನಾ ನಕ್ಕು, ಬೆಲ್ಲದ ಗಡಗಿ ಮುಚ್ಚಿಟ್ಟೆ. ಅವ ಸಿಂದಿಗಿ ಹ್ವಾದ. ಮತ್ತ ಬಿಡಾಕ ಆಗಲೇ ಇಲ್ಲ ಅವನಿಗಿ. ಆವಾಗ ನನಗ ಹೇಳಾವ್ರು ಯಾರೂ ಇದ್ದಿಲ್ಲ."

ಕದಿರು ಆಗ ನಿಂತಿತು. ಅಷ್ಟೇ. ಆಕೆ ಅಳಲಿಲ್ಲ. ನನಗೇ ಅಳು ಹೆಚ್ಚಾಯಿತು.

ಆಮೇಲೆ ಆಕೆ ಕೇಳಿದ್ದು ವಿಚಿತ್ರವಾದ ಪ್ರಶ್ನೆ. ನಿನ್ನ ಗಂಡ ಮಧ್ಯಾಹ್ನ ಹೊಲದಲ್ಲಿ ರೊಟ್ಟಿ ತಿಂದ ಮೇಲೆ ಮತ್ತೆ ಉಣ್ಣುವುದು ಯಾವಾಗ ಅಂತ. ನಾನು ಹೇಳಿದೆ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ ಯಾರೂ ಉಣ್ಣುವುದಿಲ್ಲ. ಲಕ್ಷ್ಮಿ ಮನೆಗೆ ಬರುವ ಹೊತ್ತು, ಆಗ ಎಂಜಲು ಕೈ ಮಾಡಬಾರದು. ದೀಪ ಹಚ್ಚಿ, ದೇವರಿಗೆ ಕೈ ಮುಗಿದು, ಗಂಡಸರು ಕಟ್ಟೆಗೆ ಹೋಗಿ ಮಾತಾಡಿ ಬಂದ ಮೇಲೆ ಊಟ. ಆ ತನಕ ಒಂದು ಚಹ. ಆಕೆ ತಲೆಯಾಡಿಸಿ, ನಾವು ಕುರಿಯವರು ಹೊತ್ತು ಇರುವಾಗಲೇ ಉಂಡುಬಿಡುತ್ತೇವೆ, ಕತ್ತಲಾದ ಮೇಲೆ ನಮ್ಮ ಕಣ್ಣು ಹಿಂಡಿನ ಮೇಲಿರಬೇಕು, ತಾಟಿನ ಮೇಲಲ್ಲ ಅಂದಳು. ತನ್ನ ಗಂಡ ಮಾತ್ರ ದೊಡ್ಡ ಮನೆಗಳ ಗಂಡಸರನ್ನು ನೋಡಿ ತಡವಾಗಿ ಉಣ್ಣುವುದು ಕಲಿತಿದ್ದನಂತೆ. ಸಿಂದಿ ಬೇಕು ಅನ್ನಿಸುವುದೂ ಅದೇ ಹೊತ್ತಿಗೆ, ಬೆಲ್ಲ ಬೇಕು ಅನ್ನಿಸುವುದೂ ಅದೇ ಹೊತ್ತಿಗೆ. ಅವನಿಗೆ ಬೇಕಾಗಿದ್ದದ್ದು ರೊಟ್ಟಿ ಅನ್ನುವುದು ಆಕೆಗೆ ತಿಳಿದದ್ದು ಅವನನ್ನು ಮಣ್ಣು ಮಾಡಿದ ಎಷ್ಟೋ ದಿನಗಳ ಮೇಲೆ.

"ಭಂಡಾರ ಹಣಿ ಮ್ಯಾಲ ಅದ, ಯವ್ವಾ. ಹಸಿವಿ ಹೊಟ್ಟ್ಯಾಗ ಅದ. ಮೊದಲ ಅದರ ಕಡಿ ನೋಡು."

ಬೆಲ್ಲವನ್ನೂ ಒಮ್ಮೆಲೇ ಬಿಡಿಸಬೇಡ ಅಂದಳು. ಮರಿಗೆ ತಾಯಿಯ ಹಾಲು ಬಿಡಿಸುವಾಗ ಅವರು ಮೊದಲು ಎಳೆಯ ಸೊಪ್ಪು ತಪ್ಪಲು ತಿನ್ನಲು ಕಲಿಸುತ್ತಾರಂತೆ. ತಪ್ಪಲಿನ ರುಚಿ ಹತ್ತಿದ ಮೇಲೆ ಹಾಲು ಕಡಿಮೆ ಮಾಡುತ್ತಾರಂತೆ. ಹಾಗೆ ಮಾಡದೆ ಸುಮ್ಮನೆ ಬೇರೆ ಕಟ್ಟಿದರೆ ಅದು ಹಗ್ಗ ನೆಕ್ಕುತ್ತದೆ, ಮಣ್ಣು ನೆಕ್ಕುತ್ತದೆ, ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ನನಗೆ ರುಮಾಲಿನೊಳಗಿನ ಬೆಲ್ಲ ನೆನಪಾಗಿ ಅಳುವಿನ ನಡುವೆಯೂ ನಗು ಬಂತು.

ಹೇಳಿದ್ದೇನೋ ಸರಿ. ಅತ್ತೆಗೆ ಹೇಳುವುದು ಹೇಗೆ? ನಾನು ಅಂಜುತ್ತಲೇ ವಿಷಯ ತೆಗೆದೆ. ಸಂಜೆಯ ಹೊತ್ತು ಒಲೆಯ ಮುಂದೆ ತಾಟು ಹಾಕಿದರೆ ಈ ಮನೆಯ ಲಕ್ಷ್ಮಿ ಹೊಸ್ತಿಲಿಂದಲೇ ತಿರುಗಿ ಹೋಗುತ್ತಾಳೆ, ನಿನ್ನ ತವರಿನ ಪದ್ಧತಿ ಇಲ್ಲಿ ತರಬೇಡ ಅಂದರು. ನನ್ನ ತವರಿನಲ್ಲೂ ಇದೇ ಪದ್ಧತಿ ಅಂದರೆ ನಂಬಲಿಲ್ಲ. ಅವರಿಗೆ ಮಗನ ಮೇಲೆ ಪ್ರಾಣವಿರಲಿಲ್ಲ ಅಂತಲ್ಲ. ಆ ದೀಪವೊಂದನ್ನು ನಂಬಿಯೇ ಅವರು ಅಷ್ಟು ವರ್ಷ ಒಂಟಿಯಾಗಿ ಬಾಳಿದ್ದರು. ಅದನ್ನು ನಾನು ಆಗ ಅರ್ಥ ಮಾಡಿಕೊಳ್ಳುವಷ್ಟು ದೊಡ್ಡವಳಾಗಿರಲಿಲ್ಲ, ಒಳಗೊಳಗೇ ಕುದಿದೆ.

ಆಯಿ ನನ್ನ ಹಾಗೆ ಕುದಿಯುವವಳಲ್ಲ. ಅವತ್ತೇ ಬಿಸಿಲಿಳಿದ ಮೇಲೆ ಗೋಡೆಯಾಚೆಯಿಂದ ನನ್ನ ಗಂಡನನ್ನು ಕೂಗಿ, ತಮ್ಮಾ, ದೊಡ್ಡಿಯ ಪಡಕು ಜೋತುಬಿದ್ದಿದೆ, ನನ್ನ ಕೈಲಿ ಎತ್ತಾಕ ಆಗವಲ್ದು, ಜರಾ ಬಾ ಅಂದಳು. ಇವರು ಹೋದರು. ಪಡಕು ಎಂದರೆ ಮುಳ್ಳು ಹೆಣೆದ ಬಾಗಿಲು, ಅದನ್ನು ಸರಿಮಾಡಲು ಎಷ್ಟು ಹೊತ್ತು ಬೇಕು? ಆದರೆ ಬರುವಾಗ ಇವರ ಹೊಟ್ಟೆ ತುಂಬಿತ್ತು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಚಟ್ನಿ, ಮೇಲೆ ಮಜ್ಜಿಗೆ. ಮರುದಿನ ಒಂದು ಮರಿಯ ಕಾಲು ನೋಡಬೇಕಾಗಿತ್ತು. ಅದರ ಮರುದಿನ ಇನ್ನೇನೋ. ದಿನವೂ ಹೊತ್ತು ಮುಳುಗುವ ಮುಂಚೆ ಆಕೆಗೆ ನನ್ನ ಗಂಡನ ಕೈಯಿಂದ ಆಗಬೇಕಾದ ಕೆಲಸ ಒಂದಿದ್ದೇ ಇರುತ್ತಿತ್ತು. ಆ ಮುಳ್ಳು ಬಾಗಿಲನ್ನು ಆಕೆ ತಾನೇ ಕೆಡವಿ ಇವರಿಂದ ಎತ್ತಿಸುತ್ತಿದ್ದಳು ಅಂತ ನನಗೆ ಈಗಲೂ ಗುಮಾನಿ.

ಹಾಗೆ ಉಂಡ ದಿನ ಇವರು ಅಡ್ಡಾಡಲಿಲ್ಲ. ಕಟ್ಟೆಯ ಮೇಲೆ ಕೂತು ಬೀಡಿ ಸೇದಿ ತಣ್ಣಗೆ ಮಾತಾಡಿದರು. ಬೆಲ್ಲ ಕೇಳಿದರು, ಆದರೆ ಸಣ್ಣ ಚೂರು ಕೊಟ್ಟರೆ ಸಾಕಾಯಿತು. ನಾನು ಸಂದೂಕಿನ ಬೀಗ ತೆಗೆದೆ. ಚಹಕ್ಕೆ ಹಾಕುವ ಬೆಲ್ಲವನ್ನು ಅವರಿಗೆ ಗೊತ್ತಾಗದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದೆ. ಹೊಲಕ್ಕೆ ಹೋಗುವಾಗ ಕಿಸೆಗೆ ಪುಟಾಣಿ ಕಡಲೆ ಮತ್ತು ಹುರಿದ ಶೇಂಗಾ ತುಂಬಿದೆ. ಕೊಹೀರಿನ ಜಾಮಕಾಯಿ, ಅಂದರೆ ಪೇರಲೆ, ಬರುವ ಕಾಲ ಅದು. ಹಣ್ಣಾದದ್ದು ಬೇಡ, ದೋರೆಯಾದದ್ದಕ್ಕೆ ಉಪ್ಪು ಖಾರ ಹಚ್ಚಿ ಕೊಡು ಅಂದಿದ್ದಳು ಆಯಿ. ಹಳೆಯ ಖಾರದ ಮನುಷ್ಯ ಮೆಲ್ಲಗೆ ವಾಪಸು ಬರತೊಡಗಿದ.

ಅತ್ತೆ ಇದನ್ನೆಲ್ಲ ನೋಡುತ್ತ ಮೂಗು ಮುರಿಯುತ್ತಿದ್ದರು. ಮಗ ತಮ್ಮ ಮನೆಯ ಒಲೆ ಬಿಟ್ಟು ಪಕ್ಕದ ಮನೆಯ ರೊಟ್ಟಿ ತಿನ್ನುವುದನ್ನು ಓಣಿ ನೋಡುತ್ತಿತ್ತು. ಒಂದು ಸಂಜೆ ಇವರು ಗೋಡೆಯ ಕಡೆ ಹೊರಟಾಗ ಅತ್ತೆ ತಡೆದರು. ತಾವೇ ತಾಟು ಇಟ್ಟರು, ತಾವೇ ರೊಟ್ಟಿ ಬಡಿದರು. ಆಮೇಲೆ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ದೇವರ ಗೂಡಿನ ಮುಂದೆ ಕೂತುಕೊಂಡರು. ಮಗ ಉಂಡು ಕೈ ತೊಳೆದ ಮೇಲೆಯೇ ಕಡ್ಡಿ ಗೀರಿದ್ದು. ಲಕ್ಷ್ಮಿ ಬಂದರೂ ನಮ್ಮ ಅಂಗಳದಲ್ಲಿ ಸ್ವಲ್ಪ ಹೊತ್ತು ಕಾಯಲಿ ಅನ್ನುವ ಹಾಗಿತ್ತು ಅವರ ಮುಖ. ಪದ್ಧತಿಯೂ ಕೆಡಲಿಲ್ಲ, ಮಗನೂ ಉಂಡ. ಗೋಡೆಯ ಮೇಲೆ ಅವತ್ತು ಆಯಿಯ ತಲೆ ಕಾಣಲಿಲ್ಲ. ಕಾಣಿಸಿಕೊಳ್ಳಬಾರದ ಹೊತ್ತು ಯಾವುದು ಅನ್ನುವುದೂ ಆಕೆಗೆ ಗೊತ್ತಿತ್ತು.

ಎಳ್ಳಮಾಸಿ ಬಂತು. ನಮ್ಮ ಕಡೆ ಅದು ಹೊಲದ ಹಬ್ಬ. ಕಾಳು ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಗಳಲ್ಲಿ ಹೊತ್ತು ಬಂಧು ಬಳಗವೆಲ್ಲ ಹೊಲಕ್ಕೆ ಹೋಗಿ, ಎದೆಯೆತ್ತರದ ಜೋಳದ ನಡುವೆ ಕೂತು ಉಣ್ಣುವುದು. ಪಕ್ಕದ ಮನೆಯವರನ್ನೂ ಕರೆಯುವುದು ವಾಡಿಕೆ, ಆಯಿಯೂ ಬಂದಿದ್ದಳು. ಮಧ್ಯಾಹ್ನವೆಲ್ಲ ಚೆನ್ನಾಗಿ ಕಳೆಯಿತು. ಇವರು ಅರ್ಧ ಹೋಳಿಗೆ ತಿಂದು ಸಾಕೆಂದರು. ನಾನು ಮನಸ್ಸಿನಲ್ಲೇ ಎಳ್ಳಮಾಸಿಯ ದೇವರಿಗೆ ಕೈ ಮುಗಿದೆ.

ಹೊತ್ತು ಇಳಿಯುವಾಗ ಇವರ ಚಿಕ್ಕಪ್ಪನ ಮಗ ಸಿಂದಿಯ ಗಡಿಗೆ ತಂದ. ಚಳಿಗಾಲದ ಸಿಂದಿ, ಊರ ಗಂಡಸರಿಗೆ ಅದರಷ್ಟು ರುಚಿಯಾದದ್ದು ಬೇರೆಯಿಲ್ಲ. ಎಲ್ಲರಿಗೂ ಹೊಯ್ದ. ಇವರ ಮುಂದೆ ಬಂದು, ಹಬ್ಬದ ದಿನ ಒಂದು ಗುಟುಕಿಗೆ ಮೈಲಾರಲಿಂಗ ಸಿಟ್ಟಾಗುವುದಿಲ್ಲ ಅಂತ ಲೋಟ ಕೈಗಿಟ್ಟ. ಇವರು ಹಿಡಿದುಕೊಂಡರು. ಬೇಡ ಅನ್ನಲಿಲ್ಲ. ಅತ್ತೆ ಬುಟ್ಟಿ ಕಟ್ಟುತ್ತಿದ್ದವರು ಹಾಗೇ ಕೂತರು. ಆಯಿ ಬದುವಿನ ಮೇಲೆ ಕೂತು ಇವರನ್ನೇ ನೋಡುತ್ತಿದ್ದಳು. ಬೇಡಪ್ಪಾ ಅಂತ ಒಂದು ಮಾತು ಆಕೆಯಾದರೂ ಹೇಳಬಾರದೇ ಅಂತ ನನಗೆ ಕೂಗಬೇಕೆನಿಸಿತು. ಆಕೆ ಹೇಳಲಿಲ್ಲ. ಲೋಟ ಇವರ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಇವರು ಅದನ್ನು ನೋಡಿದರು, ಜೋಳದ ಆಚೆ ಮುಳುಗುತ್ತಿದ್ದ ಹೊತ್ತನ್ನು ನೋಡಿದರು.

"ಅವ್ವಾ, ನನಗ ಹಸಿವಿ ಆಗ್ಯಾದ. ತಾಟ ಹಾಕು."

ಚಿಕ್ಕಪ್ಪನ ಮಗ ಹೋ ಅಂತ ನಕ್ಕ. ಮಧ್ಯಾಹ್ನವಿಡೀ ಉಂಡದ್ದು ಎಲ್ಲಿ ಹೋಯಿತು, ಈ ಹೊತ್ತಿನಲ್ಲಿ ಯಾರಾದರೂ ಉಣ್ಣುತ್ತಾರೇನು ಅಂದ. ಹೊತ್ತು ಮುಳುಗಿ ಊರಲ್ಲಿ ದೀಪ ಹಚ್ಚುವ ಹೊತ್ತೇ ಆಗಿತ್ತು. ಅತ್ತೆ ಅವನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಕಟ್ಟಿದ್ದ ಬುಟ್ಟಿ ಬಿಚ್ಚಿದರು. ಸಜ್ಜೆ ರೊಟ್ಟಿ ಹಾಕಿದರು, ಬಜ್ಜಿ ಹಾಕಿದರು, ಅಂಬಲಿ ಹೊಯ್ದರು. ತಾಟಿಗೆ ಜಾಗ ಬೇಕಲ್ಲ, ಇವರು ಲೋಟ ಬದಿಗಿಟ್ಟರು. ನಾನು ಬಗ್ಗಿ ಅದನ್ನು ಎತ್ತಿಕೊಂಡು ಹೋದದ್ದು ಯಾರೂ ಗಮನಿಸಲಿಲ್ಲ. ಇವರು ತಲೆ ತಗ್ಗಿಸಿಕೊಂಡು ಉಂಡರು. ಉಣ್ಣುತ್ತ ಉಣ್ಣುತ್ತ ಕೈ ನಡುಗುವುದು ನಿಂತಿತು.

ಮನೆಗೆ ಬರುವ ದಾರಿಯಲ್ಲಿ ಆಯಿಯನ್ನು ಕೇಳಿದೆ, ಯಾಕೆ ಸುಮ್ಮನೆ ಕೂತಿದ್ದಿ ಅಂತ. ನಾನು ಹೇಳಿದ್ದರೆ ಇವತ್ತೊಂದಿನ ಬಿಡುತ್ತಿದ್ದ, ಈಗ ಅವನಿಗೇ ಗೊತ್ತಾಗಿದೆ ಅಂದಳು. ಸ್ವಲ್ಪ ದೂರ ಹೋದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ನೋಡದವಳ ಹಾಗೆ ನಡೆದೆ... ಆಕೆ ಆ ಹೊತ್ತಿನಲ್ಲಿ ಯಾರನ್ನು ನೆನೆಯುತ್ತಿದ್ದಳು ಅನ್ನುವುದು ನನಗೆ ಗೊತ್ತಿತ್ತು.

ಯುಗಾದಿಯ ಹೊತ್ತಿಗೆ ಡಾಕ್ಟರು ಮತ್ತೆ ನೀಲಿ ಔಷಧ ಕಾಯಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಏನು ಮಾಡಿದಿರಿ ಅಂತ ಕೇಳಿದರು. ನಮ್ಮ ಅತ್ತೆ ಬಹಳ ಗಂಭೀರವಾಗಿ, ನಮ್ಮ ಮನೆಯಲ್ಲಿ ಮೊದಲಿಂದಲೂ ಹೊತ್ತು ಮುಳುಗುವ ಮುಂಚೆ ಉಣ್ಣುವ ಪದ್ಧತಿ ಅಂದುಬಿಟ್ಟರು. ನಾನು ಬೇರೆ ಕಡೆ ಮುಖ ತಿರುಗಿಸಿ ನಕ್ಕೆ.

ಆಯಿ ಆಮೇಲೆ ಬಹಳ ವರ್ಷ ನಮ್ಮ ಗೋಡೆಯಾಚೆ ಇದ್ದಳು. ನನ್ನ ಮಕ್ಕಳು ಆಕೆಯ ಮರಿಗಳ ಜೊತೆಗೇ ಬೆಳೆದರು. ಒಂದು ಚಳಿಗಾಲದಲ್ಲಿ ಇಲ್ಲಿ ಮೇವು ಸಾಲದೆ ಆಕೆಯ ಮಕ್ಕಳು ಹಿಂಡನ್ನು ತಾಂಡೂರಿನ ಆಚೆ, ಬೊಮ್ರಾಸಪೇಟೆಯ ಕಡೆ, ತೊಗರಿ ಕೊಯ್ದ ಹೊಲಗಳಿಗೆ ಹೊಡೆದರು. ಬೇಡವೆಂದರೂ ಕೇಳದೆ ಆಕೆಯೂ ಹೋದಳು. ಮುದಿ ವಯಸ್ಸಿನಲ್ಲಿ ಯಾಕೆ ಅಂದರೆ, ಇಲ್ಲಿ ಒಬ್ಬಳೇ ಕೂತು ಏನು ನೂಲಲಿ ಅಂದಳು. ಹೋಗುವಾಗ ಗೋಡೆಯ ಮೇಲಿಂದ ತಲೆ ಹಾಕಿ ನಮ್ಮ ಒಲೆ ನೋಡಿಯೇ ಹೋದಳು. ತಿರುಗಿ ಬರಲಿಲ್ಲ. ಚಳಿಜ್ವರವಂತೆ, ಅಲ್ಲೇ ಯಾವುದೋ ಹೊಲದ ಬದುವಿನಲ್ಲಿ ಮಣ್ಣು ಮಾಡಿದರಂತೆ. ನಮಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ.

ಇವರು ಮರುದಿನವೇ ಹೊರಟರು. ಅಂಗಳಕ್ಕೆ ಹಾಸಲು ತಾಂಡೂರಿನ ಫರಸಿ ಕಲ್ಲು ನೋಡಿ ಬರುತ್ತೇನೆ ಅಂತ ಊರವರಿಗೆ ಹೇಳಿದರು, ನಿಜ ನನಗೆ ಗೊತ್ತಿತ್ತು. ನಾನು ರೊಟ್ಟಿ ಕಟ್ಟಿಕೊಟ್ಟೆ. ಹೋದ ಮೇಲೆ ಹೆದರಿಕೆ ಹತ್ತಿತು. ಅಷ್ಟು ದೂರದ ದಾರಿ, ಅಷ್ಟು ದುಃಖ, ದಾರಿಯುದ್ದಕ್ಕೂ ಅಂಗಡಿಗಳು. ಎಷ್ಟೋ ವರ್ಷಗಳ ಮೇಲೆ ನಾನು ಮತ್ತೆ ಬಾಗಿಲಲ್ಲಿ ನಿಂತು ದಾರಿ ಕಾದೆ. ಮರುದಿನ ಬಂದರು. ಬಂದವರೇ ರೊಟ್ಟಿ ಕಟ್ಟಿದ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು, ಖಾಲಿಯಾಗಿತ್ತು.

"ಹೊತ್ತು ಮುಳಗಾಕ ಬಂದಿತ್ತು. ಆಯಿ ಹತ್ರ ಕುಂತು ಉಂಡೆ," ಅಂದರು.

ಇಷ್ಟೆಲ್ಲ ಆಗಿ ಎಷ್ಟು ಕಾಲವಾಯಿತು... ಅತ್ತೆ ಹೋದರು. ದೊಡ್ಡಿಯಿದ್ದ ಜಾಗದಲ್ಲಿ ಯಾರೋ ಸಿಮೆಂಟಿನ ಮನೆ ಕಟ್ಟಿದ್ದಾರೆ, ಅವರ ಗೋಡೆ ಎಷ್ಟು ಎತ್ತರವೆಂದರೆ ಆಚೆ ಯಾರಿದ್ದಾರೆ ಅಂತಲೇ ತಿಳಿಯುವುದಿಲ್ಲ. ನನ್ನ ಗಂಡ ಇದ್ದಾರೆ. ಕಿವಿ ಮಂದವಾಗಿವೆ, ಹಲ್ಲು ಹೋಗಿವೆ, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಡಬೇಕು. ಆದರೆ ಇದ್ದಾರೆ. ಆಯಿಗೆ ತನ್ನ ಗಂಡನ ಜೊತೆ ಸಿಗದೇ ಹೋದ ಸಂಜೆಗಳೆಲ್ಲ ನನಗೆ ಸಿಕ್ಕವು. ಇದನ್ನು ಆಕೆ ಇರುವಾಗ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಇಂಥದ್ದನ್ನೆಲ್ಲ ಹೇಳುವ ರೂಢಿಯಿಲ್ಲ. ಈಗ ಹೇಳಬೇಕೆನಿಸುತ್ತದೆ, ಕೇಳುವವಳಿಲ್ಲ. ಅದೊಂದು ಸಂಕಟ ನನ್ನಲ್ಲಿ ಹಾಗೇ ಉಳಿದಿದೆ.

ಹೋದ ತಿಂಗಳ ಆ ಬಸ್ಸು ಮಳೆಯಲ್ಲಿ ನಿಂತು ನಿಂತು ಬಂತು. ನಾನು ಮನೆ ಮುಟ್ಟುವಾಗ ಓಣಿಯಲ್ಲಿ ಎಲ್ಲರ ಮನೆಯ ದೀಪ ಹತ್ತಿದ್ದವು. ಇವರು ಅಡುಗೆಮನೆಯ ಬಾಗಿಲಲ್ಲಿ ಗೋಡೆಗೆ ಆತು ಕೂತಿದ್ದರು. ಮುಂದೆ ಖಾಲಿ ತಾಟು. ತಾವೇ ತೆಗೆದಿಟ್ಟುಕೊಂಡಿದ್ದರು. ನಾನು ಒದ್ದೆ ಸೆರಗಿನಲ್ಲೇ ಒಲೆಯ ಕಡೆ ಹೋದೆ.

"ಆಯಿ ಇದ್ದಿದ್ರ ಇಷ್ಟೊತ್ತಿಗಿ ನಿನಗ ಬೈತಿದ್ದಳು ನೋಡು," ಅಂದರು.

ಅಷ್ಟು ವರ್ಷಗಳ ಮೇಲೆ ಆಕೆಯ ಮಾತು ಅವರ ಬಾಯಲ್ಲಿ ಅದೇ ದಿನ ಯಾಕೆ ಬಂತೋ ನಾನು ಕೇಳಲಿಲ್ಲ. ಮೊದಲು ಉಣ್ಣಿರಿ, ಬಯ್ಯುವುದಕ್ಕೆ ಈಗ ನಾನೊಬ್ಬಳೇ ಉಳಿದಿದ್ದೇನೆ ಅಂದು ರೊಟ್ಟಿ ಮುರಿದು ತಾಟಿಗೆ ಹಾಕಿದೆ.